ಛತ್ರದಲ್ಲಿ ಸೊಪ್ಪು ಹಾಕಿದ ಸೋದರಮಾವ

ನಮ್ಮ ಯಜಮಾನರು ಮುನಿಕೃಷ್ಣ. ಎಚ್ಚರವಾಗಿರುವಾಗ ಇಡೀ ಹೋಳೂರಿನಲ್ಲಿ ಅವರಷ್ಟು ಸಾಧು ಮನುಷ್ಯ ಇಲ್ಲ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ, ಊಟ, ಇಷ್ಟೇ ಅವರ ಪ್ರಪಂಚ. ನಿದ್ದೆ ಹತ್ತಿದ ಮೇಲೆ ಮಾತ್ರ ಬೇರೆಯೇ ಆಸಾಮಿ. ನಡುರಾತ್ರಿ ಎದ್ದು ಕೂತು, ಕಣ್ಣು ಬಿಟ್ಟುಕೊಂಡೇ, "ಆಕೇಯಂಡ್ರಾ! ಆಕೇಯಂಡ್ರಾ!" ಎಂದು ಕಿರುಚುತ್ತಾರೆ. ಹುಳುಗಳಿಗೆ ಸೊಪ್ಪು ಹಾಕ್ರೋ ಎಂದರ್ಥ. ಹಗಲೆಲ್ಲ ಕನ್ನಡ ಆಡುವವರಿಗೆ ನಿದ್ದೆಯಲ್ಲಿ ಅವರಮ್ಮನ ತವರು ಗೌನಿಪಲ್ಲಿಯ ತೆಲುಗೇ ಬರುತ್ತದೆ. ಕಿರುಚಿ ಮುಗಿದ ಮೇಲೆ ಎದ್ದು ಹೊರಡುತ್ತಾರೆ, ಸೊಪ್ಪು ಹಾಕಲು.

ಒಂದು ಸಲ ಪಕ್ಕದ ಮನೆಯ ಎಮ್ಮೆಗೆ ನಮ್ಮ ತೋಟದ ಸೊಪ್ಪು ಒಂದು ಹೊರೆ ಹಾಕಿ ಬಂದಿದ್ದರು. ಎಮ್ಮೆಗೆ ಏನೂ ಬೇಜಾರಾಗಲಿಲ್ಲ. ಇನ್ನೊಂದು ಸಲ ಸಿಕ್ಕಿದ್ದು ನಮ್ಮಮ್ಮ. ರೇಷ್ಮೆ ಹುಳು ಪೊರೆ ಬಿಡುವಾಗ ತಿನ್ನುವುದು ನಿಲ್ಲಿಸಿ, ತಲೆ ಎತ್ತಿ ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಗೂಡು ಕಟ್ಟುವಷ್ಟರಲ್ಲಿ ನಾಲ್ಕು ಜ್ವರ. ಆಗ ಸೊಪ್ಪು ಹಾಕುವಂತಿಲ್ಲ, ಮೇಲೆ ಸುಣ್ಣದ ಪುಡಿ ಉದುರಿಸಬೇಕು. ನಮ್ಮಮ್ಮ ಅಲ್ಲಾಡದೆ ಮಲಗಿದ್ದನ್ನು ನೋಡಿ ಇವರು ಮೂರು ಹಿಡಿ ರಾಗಿ ಹಿಟ್ಟು ಉದುರಿಸಿಬಿಟ್ಟರು! ಬೆಳಿಗ್ಗೆ ಕನ್ನಡಿ ನೋಡಿಕೊಂಡು ಅಮ್ಮ ಕೂಗಿದ್ದು ಕೋಲಾರಕ್ಕೆ ಕೇಳಿಸಿರಬೇಕು.

ನಗು ಬಂದರೂ ಇದರ ಹಿಂದೆ ಒಂದು ನೋವಿದೆ. ಹನ್ನೊಂದು ವರ್ಷದ ಹಿಂದೆ ನಾನು ತವರಿಗೆ ಹೋಗಿದ್ದೆ. ನಾಲ್ಕನೇ ಜ್ವರ ಮುಗಿಸಿ ಎದ್ದ ಹುಳುಗಳು ಹಗಲೂ ರಾತ್ರಿ ಮೇಯುತ್ತಿದ್ದವು. ಎರಡು ರಾತ್ರಿ ಒಬ್ಬರೇ ಎದ್ದಿದ್ದ ಇವರು, ಒಂದು ನಿಮಿಷ ಅಂತ ಗೋಡೆಗೆ ಒರಗಿದವರು ಮಾರನೇ ದಿನ ಮಧ್ಯಾಹ್ನ ಎದ್ದರು. ಅಷ್ಟರಲ್ಲಿ ಹುಳುಗಳು ಹಸಿದು, ಇರುವೆ ಮುತ್ತಿ, ಬೆಳೆ ಪೂರ್ತಿ ಹೋಗಿತ್ತು. ಆಮೇಲೆ ಎಷ್ಟೋ ಒಳ್ಳೆಯ ಬೆಳೆ ತೆಗೆದಿದ್ದೇವೆ. ಆದರೆ ಆ ನಿದ್ದೆಗೆ ಅವರು ತಮ್ಮನ್ನು ಕ್ಷಮಿಸಿಕೊಂಡಿಲ್ಲ.

ಕೋಲಾರದ ಡಾಕ್ಟರು, "ಮುಟ್ಟಿ ಎಬ್ಬಿಸಬೇಡಿ, ಗದರಬೇಡಿ, ಬಾಗಿಲು ಭದ್ರ ಮಾಡಿ, ಹೊತ್ತಿಗೆ ಸರಿಯಾಗಿ ಮಲಗಿಸಿ" ಅಂದರು. ಮುಟ್ಟಿದರೆ ಹುಲಿ ಕಂಡವರ ಹಾಗೆ ಅರಚುತ್ತಾರೆ, ಅದು ನಮಗೂ ಗೊತ್ತಿತ್ತು. ಬಾಗಿಲಿಗೆ ಕರುವಿನ ಗಂಟೆ ಕಟ್ಟಿದೆ. ಬೀಗದ ಕೈ ರಾಗಿ ಡಬ್ಬದಲ್ಲಿಟ್ಟೆ. ಕೊನೆಗೆ ನನ್ನ ಸೆರಗಿಗೂ ಅವರ ಪಂಚೆಗೂ ಗಂಟು ಹಾಕಿ ಮಲಗುವುದು ಅಭ್ಯಾಸವಾಯಿತು. ಮದುವೆಯ ದಿನ ಹಾಕಿದ ಗಂಟು ಸಾಲದೆ ದಿನಾ ಒಂದು ಗಂಟು! ಬೇರೆಯವರ ಮನೆಯಲ್ಲಿ ಮಲಗುವುದನ್ನಂತೂ ಇವರು ಬಿಟ್ಟೇಬಿಟ್ಟರು.

ಹೀಗಿರುವಾಗ ನಮ್ಮ ನಾದಿನಿಯ ಮಗಳು ಚಂದನಳಿಗೆ ಮುಳಬಾಗಿಲಿನ ಗಂಡು ಗೊತ್ತಾಯಿತು. ಹುಡುಗಿಯನ್ನು ಮಂಟಪಕ್ಕೆ ಕೈಹಿಡಿದು ಕರೆತರಬೇಕಾದವನು ಸೋದರಮಾವ, ಅಂದರೆ ಇವರು. ಮುಹೂರ್ತ ಬೆಳಿಗ್ಗೆ ಆರಕ್ಕೆ, ಹಿಂದಿನ ಸಂಜೆ ರಿಸೆಪ್ಷನ್. ಅಂದರೆ ಛತ್ರದಲ್ಲೇ ಮಲಗಬೇಕು.

"ಗಂಡಿನ ಕಡೆಯವರ ಮುಂದೆ ಕಿರುಚಿಬಿಟ್ರೆ ಏನ್ ಗತಿ ಕಣೇ? ವಂಶದಲ್ಲೇ ಹುಚ್ಚು ಅಂದ್ಕೊಂಡು ಮದ್ವೆ ನಿಲ್ಸಿದ್ರೆ?" ಎಂದರು ಇವರು.

ಚಂದನ ಫೋನಿನಲ್ಲೇ ಅತ್ತಳು. "ಮಾವ, ನೀನು ಬರ್ದಿದ್ರೆ ನಾನು ಮಂಟಪಕ್ಕೇ ಬರಲ್ಲ." ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯ, ಇನ್ನೇನು ಹೇಳುತ್ತಾರೆ? ಹೊರಟೆವು.

ಛತ್ರದಲ್ಲಿ ಗಂಡಸರೆಲ್ಲ ಕೆಳಗಿನ ಹಾಲಿನಲ್ಲಿ, ಹೆಂಗಸರೆಲ್ಲ ಮಹಡಿ ಮೇಲೆ. ಸೆರಗಿನ ಗಂಟಿಗೆ ದಾರಿಯೇ ಇಲ್ಲ. ನಾನು ಇವರನ್ನು ಕಂಬದ ಪಕ್ಕ ಮಲಗಿಸಿ, ಬೆಳಗಿನ ತನಕ ಕಣ್ಣು ಮುಚ್ಚುವುದಿಲ್ಲ ಅಂತ ಶಪಥ ಮಾಡಿ, ಅದೇ ಕಂಬಕ್ಕೆ ಒರಗಿ ಕೂತೆ. ಹಾಲಿನಲ್ಲಿ ನನ್ನ ಬಿಟ್ಟರೆ ಇದ್ದ ಹೆಂಗಸು ಗಂಡಿನ ಅಜ್ಜಿ ಚಿಕ್ಕಗಂಗಮ್ಮ ಒಬ್ಬರೇ. ಮಂಡಿ ನೋವು, ಮೆಟ್ಟಿಲು ಹತ್ತಲಾರದೆ ಮೂಲೆಯಲ್ಲಿ ಮಲಗಿದ್ದರು.

ಏನೋ ತಣ್ಣಗೆ ಕೈ ಮೇಲೆ ಬಿದ್ದು ಎಚ್ಚರವಾಯಿತು. ವೀಳ್ಯದೆಲೆ! ನಾನೂ ನಿದ್ದೆ ಹೋಗಿದ್ದೆ.

ಇವರು ಹಾಲಿನ ನಡುವೆ ನಿಂತಿದ್ದರು. ತಾಂಬೂಲಕ್ಕೆ ತಂದ ಎಲೆಯ ಬುಟ್ಟಿ ಸೊಂಟದ ಮೇಲೆ. ಸಾಲಾಗಿ ಮಲಗಿದ ಗಂಡಿನ ಕಡೆಯವರ ಮೇಲೆ, ಒಬ್ಬರನ್ನೂ ಬಿಡದೆ, ಒಂದೇ ಸಮನಾಗಿ ಎಲೆ ಹಾಸುತ್ತಾ ಬರುತ್ತಿದ್ದಾರೆ! ಗಂಡಿನ ತಂದೆ ಕೋದಂಡರಾಮಪ್ಪನವರು ಗೊರಕೆ ಹೊಡೆದಂತೆಲ್ಲ ಮೀಸೆಯ ಮೇಲಿನ ಎಲೆ ಏಳುತ್ತಿತ್ತು, ಬೀಳುತ್ತಿತ್ತು. ನನಗೆ ಭಯ, ನಗು, ಎರಡೂ ಒಟ್ಟಿಗೆ. ಮುಟ್ಟಿದರೆ ಅರಚುತ್ತಾರೆ. ಬಿಟ್ಟರೆ ಯಾರಾದರೂ ಎದ್ದುಬಿಡುತ್ತಾರೆ. ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಅಷ್ಟರಲ್ಲಿ ಚಿಕ್ಕಗಂಗಮ್ಮ ಎದ್ದು ಕೂತರು. ಮಡಿಲಿಗೆ ಬಿದ್ದ ಎಲೆ ನೋಡಿದರು. ಇವರ ಕಣ್ಣು ನೋಡಿದರು, ಎಲೆ ಹಾಸುವ ಕೈಯನ್ನು ನೋಡಿದರು. ನಲವತ್ತು ವರ್ಷ ಹುಳು ಸಾಕಿದ ಹೆಂಗಸು ಅಂತ ಆಮೇಲೆ ತಿಳಿಯಿತು. ಕೂತಲ್ಲಿಂದಲೇ ಮೆಲ್ಲಗೆ, ತೆಲುಗಿನಲ್ಲೇ ಕೇಳಿದರು.

"ನಾಯನಾ, ಎಷ್ಟನೇ ಜ್ವರ ಎದ್ದವೆ?"

"ನಾಲ್ಕನೇದು. ಹಸಿದವೆ. ನಾನು ಮಲ್ಕೊಂಡ್ಬಿಟ್ಟಿದ್ದೆ," ಎಂದರು ಇವರು.

"ಎಲ್ಲಿ ಎದ್ದವೆ? ಸರಿಯಾಗಿ ನೋಡು. ಚೆನ್ನಾಗಿ ತಿಂದು, ಈಗ ಜ್ವರಕ್ಕೆ ಕೂತವೆ. ಸೊಪ್ಪು ಹಾಕ್ಬಾರ್ದು."

ಇವರು ಬಗ್ಗಿ ಕೋದಂಡರಾಮಪ್ಪನವರ ಮುಖವನ್ನು ಬಹಳ ಹೊತ್ತು ಪರೀಕ್ಷೆ ಮಾಡಿದರು. "ಹೌದಲ್ಲಾ," ಎಂದರು.

"ಇನ್ನು ನಾನು ನೋಡ್ಕೋತೀನಿ. ನೀನು ಮಲಗು ನಾಯನಾ."

ಬುಟ್ಟಿ ಕೆಳಗಿಟ್ಟು, ಬಂದು, ಮಗುವಿನ ಹಾಗೆ ಮಲಗಿಬಿಟ್ಟರು. ಒಂದು ಕಿರುಚಾಟ ಇಲ್ಲ. ನನ್ನ ನಗು ಎಲ್ಲಿ ಹೋಯಿತೋ, ಕಣ್ಣಲ್ಲಿ ನೀರು ಬಂತು.

ಬೆಳಿಗ್ಗೆ ನಾಲ್ಕಕ್ಕೆ ಹಾಲೆಲ್ಲ ಗದ್ದಲ. ಕೋದಂಡರಾಮಪ್ಪನವರು ಮೀಸೆಯಿಂದ ಎಲೆ ತೆಗೆದು, "ಏನಮ್ಮಾ ಇದು?" ಎಂದು ಗುಡುಗಿದರು.

"ಏನು ಅಂದ್ರೆ? ಎಲೆ ಹಾಸೋ ಶಾಸ್ತ್ರ. ಹೆಣ್ಣಿನ ಸೋದರಮಾವ ಮಾಡೋದು. ನಿನ್ನ ಮದ್ವೇಲೂ ಮಾಡಿದ್ರು, ಆಗ್ಲೂ ಗೊರಕೆ ಹೊಡೀತಿದ್ದೆ," ಎಂದರು ಚಿಕ್ಕಗಂಗಮ್ಮ.

ಪುರೋಹಿತರು, "ಇದ್ದರೂ ಇರಬಹುದು" ಅಂತ ತಲೆಯಾಡಿಸಿದರು. ವಿಡಿಯೋದವನಿಗೆ ಮಾತ್ರ ಸಂಕಟ, ಶಾಸ್ತ್ರ ತಪ್ಪಿಹೋಯಿತಲ್ಲ ಅಂತ. "ಅಣ್ಣಾ, ಇನ್ನೊಂದ್ಸಲ ಮಾಡಿ" ಎಂದು ದುಂಬಾಲು ಬಿದ್ದ. ಕೋದಂಡರಾಮಪ್ಪನವರು ಮತ್ತೆ ಮಲಗಿ ಕಣ್ಣು ಮುಚ್ಚಿದರು. ಏನೂ ನೆನಪಿಲ್ಲದ ನಮ್ಮ ಯಜಮಾನರು ನಾಚಿಕೊಂಡು ಎಲೆ ಹಾಸಿದರು. ನಾನು ಅಡುಗೆಮನೆಗೆ ಓಡಿಹೋಗಿ ಬಿದ್ದು ಬಿದ್ದು ನಕ್ಕೆ. ಆರು ಗಂಟೆಗೆ ಚಂದನ ಮಾವನ ಕೈಹಿಡಿದು ಮಂಟಪಕ್ಕೆ ಬಂದಳು. ಈಗ ಗಂಡಿನ ಕಡೆಯ ನೆಂಟರ ಮದುವೆಗಳಲ್ಲೆಲ್ಲ ಎಲೆ ಹಾಸುತ್ತಿದ್ದಾರಂತೆ.

ಹೊರಡುವಾಗ ಚಿಕ್ಕಗಂಗಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ಏನ್ ಮಾಡ್ತೀಯಮ್ಮ ಮನೇಲಿ?" ನಾನು ಸೆರಗಿನ ಗಂಟಿನ ವಿಷಯ ಹೇಳಿದೆ. ಅವರು ನಗಲಿಲ್ಲ. "ಕಾವಲಿಗೆ ಇನ್ನೊಬ್ರು ಅವ್ರೆ ಅಂತ ಗೊತ್ತಾದ್ರೆ ಯಾರಿಗಾದ್ರೂ ನಿದ್ದೆ ಬರ್ತದೆ ಕಣಮ್ಮಾ" ಎಂದರು.

ಹನ್ನೊಂದು ವರ್ಷ ನಾನು ಅವರನ್ನು ಕಟ್ಟಿಹಾಕಿದ್ದೆ. ಕಾವಲಿಗೆ ನಾನಿದ್ದೀನಿ ಅನ್ನುವ ಮಾತು ಒಂದು ಸಲವೂ ಆಡಿರಲಿಲ್ಲ.

ಆ ರಾತ್ರಿ ಗಂಟು ಹಾಕಲಿಲ್ಲ. ಎರಡು ಗಂಟೆಗೆ ಇವರು ಎದ್ದು ಕೂತು, "ಆಕೇ" ಎಂದು ಬಾಯಿ ತೆರೆದರು.

"ಜ್ವರಕ್ಕೆ ಕೂತವೆ ರೀ. ನಾನು ನೋಡ್ಕೋತೀನಿ, ನೀವು ಮಲಗಿ," ಅಂದೆ.

ನನ್ನ ಕಡೆ ತಿರುಗಿದರು. ನಿದ್ದೆಯಲ್ಲೇ, ತೆಲುಗು ಬಿಟ್ಟು, ಕನ್ನಡದಲ್ಲಿ ಕೇಳಿದರು. "ತವರಿಂದ ಯಾವಾಗ ಬಂದೆ?"

"ಈಗ ಬಂದೆ," ಅಂದೆ. ಮಲಗಿಬಿಟ್ಟರು.