ಅಮ್ಮ ಆರಿಸಿದ ಸ್ಪೀಕರ್

ನಿವೃತ್ತರಾದ ಮೇಲೆ ಅಪ್ಪ ಅಮ್ಮ ಜಾಲಹಳ್ಳಿಯ ಕಾರ್ಖಾನೆ ಕ್ವಾರ್ಟರ್ಸ್ ಬಿಟ್ಟು ಬ್ಯಾಟರಾಯನಪುರದ ನನ್ನ ಮನೆಗೆ ಬಂದರು. ಅಪ್ಪ ಅಲ್ಲಿ ಫಿಟ್ಟರ್ ಆಗಿದ್ದವರು. ಯಂತ್ರಗಳ ಸದ್ದಿನ ನಡುವೆ ದುಡಿದು ದುಡಿದು ಕಿವಿ ಕೊಂಚ ಮಂದವಾಗಿತ್ತು. ಅಮ್ಮ ಅದೇ ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್.

ಆಗಷ್ಟೇ ನಾನು ಹಾಲಿಗೆ ದೊಡ್ಡ ಟೀವಿ, ಅದರ ಎರಡು ಪಕ್ಕಕ್ಕೆ ಎರಡು ಸ್ಪೀಕರ್, ಅವನ್ನು ನಡೆಸುವ ಆಂಪ್ಲಿಫೈಯರ್ ತಂದಿದ್ದೆ. ಹಾಡು ಬಂದರೆ ಮನೆಯೆಲ್ಲ ತುಂಬುತ್ತಿತ್ತು, ಮಾತು ಬಂದರೆ ಬರೀ ಗುಸುಗುಸು. ಯಾರು ಏನೆಂದರು ಎಂದು ಅಪ್ಪ ಕೇಳುವರು. ಅಮ್ಮ ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಮಾತು ಇಬ್ಬರಿಗೂ ತಪ್ಪಿಹೋಗುತ್ತಿತ್ತು. ಬರಬರುತ್ತಾ ಅಪ್ಪ ಸಿನಿಮಾ ಹಾಕಿದೊಡನೆ ಪೇಪರ್ ಹಿಡಿದು ವರಾಂಡಕ್ಕೆ ಹೊರಟುಬಿಡುತ್ತಿದ್ದರು. ಪಾತ್ರಗಳ ಮಾತು ಹೆಚ್ಚಾಗಿ ನಡುವಿನ ಸೆಂಟರ್ ಸ್ಪೀಕರಿನಿಂದಲೇ ಬರುವುದು, ಅದಿಲ್ಲದಿದ್ದರೆ ಹೀಗೇ ಎಂದು ಆಫೀಸಿನ ಗೆಳೆಯನೊಬ್ಬ ಹೇಳಿದ.

ಶನಿವಾರ ಬೆಳಿಗ್ಗೆ ಅದನ್ನು ಕೊಳ್ಳಲು ಆರ್.ಟಿ. ನಗರದ ಅಂಗಡಿಗೆ ಹೊರಟಾಗ ಅಮ್ಮನೂ ಜೊತೆಗೆ ಬಂದರು. ಅಂಗಡಿಯವರು ಎಲ್ಲಕ್ಕಿಂತ ದೊಡ್ಡದರಲ್ಲಿ ಹೊಡೆದಾಟದ ದೃಶ್ಯವೊಂದನ್ನು ಹಾಕಿದರು. ನೆಲ ಅದುರಿತು. ಇದೇ ಇರಲಿ ಎಂದೆ ನಾನು. ಅಮ್ಮ ಒಪ್ಪಲಿಲ್ಲ. ಸಂಗೀತವಿಲ್ಲದ, ಇಬ್ಬರು ಕೂತು ಮಾತಾಡುವ ದೃಶ್ಯ ಹಾಕಿಸಿ, ಟೀವಿಗೆ ಬೆನ್ನು ಮಾಡಿ ನಿಂತು ಮೂರು ಸ್ಪೀಕರ್ ಕೇಳಿದರು. ಅಪ್ಪನ ಕುರ್ಚಿ ನಮ್ಮ ಹಾಲಿನ ಮೂಲೆಯಲ್ಲಿದೆಯೆಂದು ಪಕ್ಕಕ್ಕೆ ಸರಿದು ಇನ್ನೊಮ್ಮೆ ಕೇಳಿದರು.

"ದೊಡ್ಡದು ಡಬ್ಬದೊಳಗಿಂದ ಮಾತಾಡ್ದಂಗಿದೆ. ಎರಡನೇದ್ರಲ್ಲಿ ಸ, ಶ ಎರಡೂ ಒಂದೇ. ಈ ಚಿಕ್ಕದೇ ಸರಿ ಕಣೋ," ಎಂದರು.

ಇಷ್ಟು ಚೆನ್ನಾಗಿ ಹೇಗೆ ಗೊತ್ತಾಗುತ್ತದೆ ಎಂದು ಅಂಗಡಿಯವರು ಕೇಳಿದರು.

"ಮೂವತ್ತು ವರ್ಷ ಮುಖ ನೋಡ್ದೆ ಮಾತು ಕೇಳಿದೀನಿ ಕಣ್ರೀ," ಎಂದರು ಅಮ್ಮ. ತಮ್ಮ ಕೆಲಸದ ಬಗ್ಗೆ ಅವರು ಅಷ್ಟು ಹೆಮ್ಮೆಯಿಂದ ಹೇಳಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮನೆಗೆ ತಂದು ಟೀವಿ ಸ್ಟ್ಯಾಂಡಿನ ಕೆಳಗಿನ ಹಲಗೆಯ ಮೇಲಿಟ್ಟೆ. ಮಾತು ಸ್ಪಷ್ಟವಾಗಿತ್ತು, ಆದರೆ ನಟರ ಮೊಣಕಾಲಿನಿಂದ ಬಂದಂತಿತ್ತು. ಅಪ್ಪ ಪೇಪರ್ ಮಡಚಿಟ್ಟು ಎದ್ದು ಬಂದರು. ಸ್ಪೀಕರನ್ನು ಹಲಗೆಯ ಅಂಚಿನವರೆಗೂ ಮುಂದಕ್ಕೆಳೆದರು. ಅದರ ಮುಖದಿಂದ ಕುರ್ಚಿಯಲ್ಲಿ ಕೂತವರ ಕಿವಿಯ ಮಟ್ಟಕ್ಕೆ ದಾರ ಹಿಡಿಸಿ ನೋಡಿ, ತೇಗದ ತುಂಡೊಂದನ್ನು ಓರೆಯಾಗಿ ಕೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿ ಅಡಿಗಿಟ್ಟರು. ಸ್ಪೀಕರ್ ಕತ್ತೆತ್ತಿ ನಮ್ಮನ್ನೇ ನೋಡಿತು. ನಾನು ಕುರ್ಚಿಯಿಂದ ಒಂದೊಂದು ಸ್ಪೀಕರಿಗೂ ಇರುವ ದೂರವನ್ನು ಅಳತೆಯ ಟೇಪಿನಲ್ಲಿ ಅಳೆದು, ಆ ಅಂಕಿಗಳನ್ನು ಆಂಪ್ಲಿಫೈಯರಿನ ಸೆಟ್ಟಿಂಗಿನಲ್ಲಿ ತುಂಬಿಸಿ, ನಡುವಿನ ಸ್ಪೀಕರಿನ ಸದ್ದನ್ನಷ್ಟೇ ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದೆ. ನಾಲ್ಕನೆಯದಕ್ಕೆ ಕಿರುಚಾಟವಾಯಿತೆಂದು ಅಮ್ಮ ಕೈ ಅಡ್ಡ ಹಿಡಿದರು. ಮೂರಕ್ಕೆ ನಿಲ್ಲಿಸಿದೆ.

ಸಂಜೆ ಹಳೆಯ ಹಾಸ್ಯಚಿತ್ರವೊಂದರ ಡಿವಿಡಿ ಹಾಕಿದೆವು. ಅಪ್ಪ ಮೊದಲಿನಿಂದ ಕೊನೆಯವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಡುವೆ ಅಮ್ಮ, ಸಿನಿಮಾದ ಮನೆ ಮಾಲೀಕನಿಗೂ ಪೊಲೀಸಿನವನಿಗೂ ದನಿ ಕೊಟ್ಟವನು ಒಬ್ಬನೇ ಎಂದರು. ಅಪ್ಪ ನಂಬಲಿಲ್ಲ. ರಿಮೋಟ್ ತೆಗೆದುಕೊಂಡು ಎರಡೂ ದೃಶ್ಯಗಳನ್ನು ಮೂರು ಸಲ ಹಾಕಿ, ಕುತ್ತಿಗೆ ಓರೆ ಮಾಡಿ ಕೇಳಿದರು.

"ಹೌದು ಕಣೇ, ಅವ್ನೇ," ಎಂದು ಸೋಲೊಪ್ಪಿಕೊಂಡು, ಅದೇ ಖುಷಿಯಲ್ಲಿ ಸಿನಿಮಾವನ್ನು ಮತ್ತೆ ಮೊದಲಿನಿಂದ ಹಾಕಿದರು.