ಬೋರ್ಡಿಲ್ಲದ ಬಾಗಿಲು

ನಮ್ಮಣ್ಣ ಬೋರ್ಡ್ ಬರೆಯುವವನು. ಈ ಬೀದಿಯ ಬಾರುಗಳಿಗೆಲ್ಲ ಮೊಳದುದ್ದದ ಅಕ್ಷರ ಬರೆದವನೂ ಅವನೇ, ದುಡಿದದ್ದನ್ನೆಲ್ಲ ಅಲ್ಲೇ ಸುರಿದವನೂ ಅವನೇ. ಕುಡಿತ ಬಿಡುವವರ ಸಭೆಗೆ ಅವನನ್ನು ಕರೆದುಕೊಂಡು ಹೊರಟರೆ, ಎಷ್ಟು ಅಲೆದರೂ ಜಾಗ ಸಿಗಲೊಲ್ಲದು. ಕೊನೆಗೆ ಟೈರ್ ಅಂಗಡಿಯ ಹಿಂದೆ, ಬೋರ್ಡೇ ಇಲ್ಲದ ಬಾಗಿಲೊಳಗೆ ಸಭೆ ನಡೆದಿತ್ತು.

"ಒಂದು ಬೋರ್ಡ್ ಹಾಕೋಕೆ ನಿಮಗೇನು ರೋಗ?" ಅಂತ ಅಣ್ಣ ಒಳಗಿದ್ದವರ ಮೇಲೆ ಹರಿಹಾಯ್ದ.

"ಯಾರಾದ್ರೂ ನೋಡಿದ್ರೆ ಮಾನ ಹೋಗಲ್ವೇನಪ್ಪಾ?" ಅಂದರು ಹಿರಿಯರೊಬ್ಬರು.

"ಚರಂಡೀಲಿ ಬಿದ್ದಿದ್ದಾಗ ಊರೆಲ್ಲ ನೋಡ್ತಲ್ಲ ಸ್ವಾಮೀ! ಆಗ ಹರಾಜಾಗದ ಮಾನ ಈಗ ಆಗತ್ತಾ?"

ಮರುದಿನ ಬಣ್ಣದ ಡಬ್ಬಿ ಹಿಡಿದು ಹೋದ. ಆ ಬಾಗಿಲ ಮೇಲೆ ಬರೆದ: 'ಕುಡಿತ ಬಿಡೋರು ಇಲ್ಲಿ ಬನ್ನಿ.' ಬಾರಿನ ಬೋರ್ಡುಗಳಲ್ಲಿ ಮೂಲೆಗೆ ಹಾಕುತ್ತಿದ್ದ ತನ್ನ ಹೆಸರನ್ನು ಇಲ್ಲಿ ನಟ್ಟನಡುವೆ ಹಾಕಿದ, ಮೊಳದುದ್ದ.