ಎರಡು ಸಾಲಿನ ತೀರ್ಪು

ಅಮೆರಿಕದ ನ್ಯಾಶ್‌ವಿಲ್ಲಿನ ಒಂದು ಬಾರಿನಲ್ಲಿ ಮುದುಕ ವರ್ಲನ್ ಟ್ಯಾಕೆಟ್‌ನ ಅಪ್ಪಣೆಯಿಲ್ಲದೆ ಯಾವ ಹಾಡೂ ಅಲ್ಲಿನ ಹಳ್ಳಿಗಾಡಿನ 'ಕಂಟ್ರಿ' ಸಂಗೀತವಾಗಲಾರದು. ಪಿಟೀಲು ಇಲ್ಲದಿದ್ದರೆ "ಇದು ಕಂಟ್ರಿ ಅಲ್ಲ". ಹತ್ತು ಪಿಟೀಲುಗಳಿದ್ದರೆ "ಇದು ಸಿನಿಮಾ ಹಾಡು". ಹಾಡುಗಾರನ ಟೋಪಿಗೆ ಬೆವರಿನ ಕಲೆ ಇಲ್ಲದಿದ್ದರಂತೂ ಅವನು ಬಾಯಿ ತೆರೆಯುವ ಮೊದಲೇ ತೀರ್ಪು ಬಂದಿರುತ್ತದೆ. ಹಾಗಾದರೆ ಕಂಟ್ರಿ ಅಂದರೇನು ಎಂದು ಯಾರಾದರೂ ಕೇಳಿದರೆ, "ಕಿವಿ ಇದ್ರೆ ಗೊತ್ತಾಗುತ್ತೆ ಕಣಯ್ಯಾ" ಎಂದು ಬಿಯರ್ ಹೀರುತ್ತಾನೆ. ಮೊನ್ನೆ ಬಾರಿನ ಒಡತಿ ಟ್ವೈಲಾ ಹಳೆಯ ಗ್ರಾಮಫೋನ್ ಪ್ಲೇಟೊಂದನ್ನು ಹಾಕಿದಳು. ಎರಡು ಸಾಲು ಮುಗಿಯುತ್ತಲೇ ವರ್ಲನ್ ಮುಖ ಸಿಂಡರಿಸಿದ: "ಥೂ, ಬರೀ ಸಕ್ಕರೆ ಪಾಕ! ಇದು ಕಂಟ್ರಿನೇ ಅಲ್ಲ." "ಯಜಮಾನ್ರೇ, ಹಾಡ್ತಿರೋದು ನೀವೇ. ನಿಮ್ಮದು ಅಂತ ಇರೋ ಒಂದೇ ಒಂದು ಪ್ಲೇಟು," ಎಂದಳು ಟ್ವೈಲಾ. ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಹಾಡು ಮುಗಿಯುವವರೆಗೂ ಕೇಳಿದ. ಆಮೇಲೆ ಮೆಲ್ಲಗೆ ಅಂದ: "ಅವತ್ತು ರೇಡಿಯೋದವರೂ ಹಿಂಗೇ ಅಂದಿದ್ರು. ಎರಡೇ ಸಾಲು ಕೇಳಿ."